ಕ್ಷೌರಿಕನ ಮಗನನ್ನು ಒಳಗೆ ಬಿಡಿ: ಒಪೇರಾ ಮಂದಿರವೊಂದಕ್ಕೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಕಲಾ ನಿರ್ದೇಶಕರು ಹಾಗೂ ಕಾರ್ಯಕ್ರಮ ಆಯ್ಕೆ ಸಮಿತಿಯ ಸದಸ್ಯರು

ಮಾನ್ಯರೇ,

ಕಳೆದ ವರ್ಷದ ಜನವರಿಯಲ್ಲಿ ತಮಗೊಂದು ಪತ್ರ ಬರೆದಿದ್ದೆ. ಸ್ಪೇನಿನ ಸಂಗೀತ ರಚನಕಾರ ರುಪೆರ್ತೊ ಚಪೀ ಅವರ ಸರ್ಸುವೇಲಾವೊಂದನ್ನು, ಅಂದರೆ ಮಾತೂ ಹಾಡೂ ಬೆರೆತ ಸ್ಪೇನಿನ ಸಂಗೀತ ನಾಟಕವೊಂದನ್ನು, ತಮ್ಮ ಮಂದಿರದಲ್ಲಿ ಪ್ರದರ್ಶಿಸಬೇಕೆಂದು ಕೋರಿದ್ದೆ. ಕಥಾಸಾರ, ಪಾತ್ರಗಳ ಪಟ್ಟಿ, ಯಾವ ಪಾತ್ರಕ್ಕೆ ಎಂಥ ಕಂಠ ಬೇಕು ಎಂಬ ವಿವರ ಎಲ್ಲವನ್ನೂ ಲಗತ್ತಿಸಿದ್ದೆ. ನಾಲ್ಕು ತಿಂಗಳ ಬಳಿಕ ಮೂರು ಸಾಲಿನ ಉತ್ತರ ಬಂತು. ಆಸಕ್ತಿಗೆ ವಂದನೆಗಳು ಎಂಬುದು ಮೊದಲ ಸಾಲು. ಈ ಕೃತಿಗಳು ಹಗುರ ಪ್ರಕಾರಕ್ಕೆ ಸೇರಿದವು, ಪ್ರಾದೇಶಿಕ ಸ್ವರೂಪದವು, ನಮ್ಮ ಪ್ರೇಕ್ಷಕರನ್ನು ಮುಟ್ಟಲಾರವು ಎಂಬುದು ಎರಡನೆಯ ಸಾಲು. ಮುಂದಿನ ವರ್ಷದ ಕಾರ್ಯಕ್ರಮಗಳ ಪುಸ್ತಿಕೆಯನ್ನು ಲಗತ್ತಿಸಿದ್ದೇವೆ ಎಂದು ಮೂರನೆಯದು.

ಆ ಪುಸ್ತಿಕೆಯನ್ನು ನಾನು ಎರಡು ಸಲ ಓದಿದೆ. ಅದರಲ್ಲಿ ಸ್ಪೇನ್ ದೇಶ ತುಂಬಿತ್ತು. ಸೆವಿಲ್ಲಾ ನಗರದ ತಂಬಾಕು ಕಾರ್ಖಾನೆಯ ಹೆಣ್ಣಿನ ಕಥೆ ಹೇಳುವ ‘ಕಾರ್ಮೆನ್’ ಇತ್ತು; ಬರೆದವರು ಪ್ಯಾರಿಸ್ಸಿನ ಬಿಝೆ. ‘ಸೆವಿಲ್ಲಾದ ಕ್ಷೌರಿಕ’ ಇತ್ತು. ಬರೆದವರು ಇಟಲಿಯ ರೊಸ್ಸೀನಿ. ಸ್ಪೇನಿನ ಲಂಪಟನೊಬ್ಬನ ಕಥೆಯಾದ ‘ದೊನ್ ಜೊವಾನ್ನಿ’ ಇತ್ತು. ಬರೆದವರು ಆಸ್ಟ್ರಿಯಾದ ಮೊಜಾರ್ಟ್. ಮೂರೂ ಮಹಾಕೃತಿಗಳು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಪುಸ್ತಿಕೆಯ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಸ್ಪೇನಿನಲ್ಲಿ ಹುಟ್ಟಿದ ಒಬ್ಬ ರಚನಕಾರನ ಹೆಸರೂ ಇರಲಿಲ್ಲ. ಚಪೀ ಅವರ ತಂದೆ ನಿಜಕ್ಕೂ ಕ್ಷೌರಿಕರಾಗಿದ್ದರು. ತಮ್ಮ ರಂಗದ ಮೇಲೆ ಕಥೆಯ ಕ್ಷೌರಿಕನಿಗೆ ಜಾಗವಿದೆ, ಬದುಕಿದ್ದ ಕ್ಷೌರಿಕನ ಮಗನಿಗೆ ಇಲ್ಲ.

ತಮ್ಮ ಮಂದಿರದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮೊಬ್ಬರ ಮೇಲೆ ಗೂಬೆ ಕೂರಿಸುವುದು ನನ್ನ ಉದ್ದೇಶವಲ್ಲ. ತಾವು ಬರೆದ ಎರಡನೆಯ ಸಾಲನ್ನು ಬೇರೆ ಎಷ್ಟೋ ಮಂದಿರಗಳವರು ಇದೇ ಮಾತುಗಳಲ್ಲಿ ಬರೆಯುತ್ತಿದ್ದರು ಎಂದು ನನಗೆ ಗೊತ್ತು. ಅದಕ್ಕಾಗಿಯೇ ಈ ಸಲದ ಪತ್ರ ಬಹಿರಂಗವಾಗಿದೆ. ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇದರ ಸ್ಪ್ಯಾನಿಷ್ ಪ್ರತಿ ಅಂಚೆಯಲ್ಲಿ ತಮ್ಮನ್ನು ತಲುಪಲಿದೆ. ಕನ್ನಡದಲ್ಲೇ ಏಕೆಂದರೆ, ತಾವು ಬಳಸಿದ ಎರಡು ಪದಗಳ ತೂಕ ನನಗೆ ಗೊತ್ತಾಗಿದ್ದು ಈ ಭಾಷೆಯಲ್ಲಿ. ನಾಲ್ಕು ಕೋಟಿಗೂ ಹೆಚ್ಚು ಜನ ಆಡುವ, ಸಾವಿರ ವರ್ಷಕ್ಕೂ ಮೀರಿದ ಸಾಹಿತ್ಯವಿರುವ ನನ್ನ ಮಾತೃಭಾಷೆಯನ್ನು ನನ್ನ ದೇಶದಲ್ಲಿ ‘ಪ್ರಾದೇಶಿಕ ಭಾಷೆ’ ಎಂದು ಕರೆಯುತ್ತಾರೆ. ಆ ಪದವನ್ನು ಕೇಳಿಕೊಂಡೇ ನಾನು ಬೆಳೆದೆ. ಒಂದು ಕೃತಿಯನ್ನು ಓದದೆ ಬದಿಗಿಡಲು ಅದು ಎಷ್ಟು ಅನುಕೂಲದ ಪದ ಎಂಬುದನ್ನು ಬಲ್ಲೆ. ಇನ್ನು ‘ಹಗುರ’. ಯಾರನ್ನಾದರೂ ‘ಹಗುರವಾಗಿ ಕಾಣುವುದು’ ಎಂದರೆ ಕನ್ನಡದಲ್ಲಿ ಅವರಿಗೆ ಸಲ್ಲಬೇಕಾದ ಮರ್ಯಾದೆಯನ್ನು ಕೊಡದಿರುವುದು. ತಾವು ಆ ಅರ್ಥದಲ್ಲಿ ಬರೆದಿರಲಿಕ್ಕಿಲ್ಲ. ಆದರೆ ನಡೆದದ್ದು ಅದೇ.

ನಾನು ಸಂಗೀತ ವಿದ್ವಾಂಸಳಲ್ಲ. ಮ್ಯಾಡ್ರಿಡ್‌ನಲ್ಲಿ ಹನ್ನೊಂದು ವರ್ಷಗಳಿಂದ ನೌಕರಿ ಮಾಡಿಕೊಂಡಿದ್ದೇನೆ. ವಾರಕ್ಕೆ ಎರಡು ಸಂಜೆ ನಮ್ಮ ಬಡಾವಣೆಯ ಹವ್ಯಾಸಿ ಗಾಯನ ವೃಂದದಲ್ಲಿ ಹಾಡುತ್ತೇನೆ. ಚಪೀ ಅವರು ನನಗೆ ಸಿಕ್ಕಿದ್ದು ಅಲ್ಲಿ, ನೆಲಮಾಳಿಗೆಯ ಕೊಠಡಿಯೊಂದರಲ್ಲಿ, ಯಾರೋ ನಕಲು ಮಾಡಿಕೊಟ್ಟ ಆರು ಹಾಳೆಗಳ ರೂಪದಲ್ಲಿ.

ಅದು 1891ರ ‘ಎಲ್ ರೇಯ್ ಕೆ ರಬಿಯೊ’ ಎಂಬ ಕೃತಿಯ ವೈದ್ಯರ ಮೇಳಗೀತೆ. ಕಥೆಯನ್ನು ತಮಗೆ ಕಳುಹಿಸಿದ್ದೆ. ಓದುಗರಿಗಾಗಿ ಮತ್ತೊಮ್ಮೆ ಹೇಳುತ್ತೇನೆ. ಒಬ್ಬ ಎಳೆಯ ರಾಜ. ತನ್ನ ನಾಡು ಹೇಗಿದೆ ಎಂದು ವೇಷ ಮರೆಸಿಕೊಂಡು ನೋಡಬೇಕೆಂದು ಹಟ ಹಿಡಿಯುತ್ತಾನೆ. ಜನರ ಪಾಡು ರಾಜನಿಗೆ ತಿಳಿದರೆ ತಮ್ಮ ಗತಿಯೇನು ಎಂದು ಮಂತ್ರಿಗಳು ಗಡಗಡ ನಡುಗುತ್ತಾರೆ. ಕುರುಬನ ವೇಷದಲ್ಲಿ ಹೊರಟ ರಾಜ ಹಳ್ಳಿಯ ಹುಡುಗಿಯೊಬ್ಬಳಿಗೆ ಮನಸೋಲುತ್ತಾನೆ. ನಡುವೆ ಒಂದು ನಾಯಿ ಯಾರನ್ನೋ ಕಚ್ಚುತ್ತದೆ. ಕಚ್ಚಿಸಿಕೊಂಡವನೇ ರಾಜ ಎಂದು ಆಸ್ಥಾನದವರು ತಪ್ಪು ತಿಳಿಯುತ್ತಾರೆ. ಆಗ ವೈದ್ಯರ ದಂಡೇ ಬರುತ್ತದೆ. ನಾಯಿಯನ್ನು ಸುತ್ತುವರಿದು, ತಲೆ ತೂಗಿ, ಗಂಟಲು ಸರಿಮಾಡಿಕೊಂಡು ಅವರು ಕೊಡುವ ತೀರ್ಪು ಇಷ್ಟೆ: ಲಕ್ಷಣಗಳನ್ನು ನೋಡಿದರೆ ಈ ಪ್ರಾಣಿಗೆ ಹುಚ್ಚು ಹಿಡಿದಿರಬಹುದು, ಹಿಡಿಯದೆಯೂ ಇರಬಹುದು.

ಪಾಶ್ಚರ್ ಅವರು ಹುಚ್ಚುನಾಯಿ ಕಡಿತಕ್ಕೆ ಮನುಷ್ಯನ ಮೇಲೆ ಮೊದಲ ಬಾರಿ ಲಸಿಕೆ ಪ್ರಯೋಗಿಸಿದ್ದು 1885ರಲ್ಲಿ. ಆರೇ ವರ್ಷದಲ್ಲಿ ಆ ಭೀತಿಯನ್ನೂ, ಆ ಭೀತಿಯ ಎದುರು ದೊಡ್ಡ ಪದಗಳ ಹಿಂದೆ ಅಡಗುವ ಪಂಡಿತರನ್ನೂ ರಂಗದ ಮೇಲೆ ತಂದ ಕೃತಿ ಇದು. ಹಾಡುವಾಗ ನಗು ಬರುತ್ತದೆ, ಆದರೆ ನಗುವಂತಿಲ್ಲ. ಪ್ರತಿ ಅಕ್ಷರವನ್ನೂ ಪಿಸುದನಿಯಲ್ಲಿ, ಕತ್ತರಿಸಿಟ್ಟ ಹಾಗೆ ಬಿಡಿಬಿಡಿಯಾಗಿ ನುಡಿಯಬೇಕು. ಎಲ್ಲರೂ ಒಟ್ಟಿಗೆ ಉಸಿರು ಹಿಡಿಯಬೇಕು, ಒಟ್ಟಿಗೆ ಬಿಡಬೇಕು. ನಮ್ಮ ವೃಂದದ ನಿರ್ದೇಶಕರು ನಿವೃತ್ತ ಶಾಲಾ ಶಿಕ್ಷಕರು. ಹಾಡಿನ ಮೊದಲ ಎಂಟು ತಾಳಖಂಡಗಳಿಗೆ ಅವರು ನಮ್ಮಿಂದ ಮೂರು ವಾರ ದುಡಿಸಿದರು. ‘ನೀವು ತಮಾಷೆ ಮಾಡುತ್ತಿದ್ದೀರಿ, ವೈದ್ಯರು ತಮಾಷೆ ಮಾಡುತ್ತಿಲ್ಲ’ ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ನನ್ನ ಪ್ರತಿಯ ಅಂಚಿನಲ್ಲಿ ಆ ಮಾತನ್ನು ಪೆನ್ಸಿಲ್ಲಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಈ ಸಂಗೀತ ಹಗುರ ಎನ್ನುವವರು ಒಮ್ಮೆ ಅದನ್ನು ಹಾಡಿ ನೋಡಬೇಕು.

ಇಂಥದ್ದನ್ನು ಬರೆದವರು ಯಾರು ಎಂಬ ಕುತೂಹಲ ನನ್ನನ್ನು ವಿಲ್ಯೇನಾದವರೆಗೆ ಕರೆದೊಯ್ದಿತು. ಆಲಿಕಾಂತೆ ಪ್ರಾಂತ್ಯದ ಒಳನಾಡಿನ ಊರು ಅದು. ಊರಿನ ರಂಗಮಂದಿರಕ್ಕೇ ಚಪೀ ಅವರ ಹೆಸರಿಟ್ಟಿದ್ದಾರೆ. ಅವರು ಅಲ್ಲಿ ಹುಟ್ಟಿದ್ದು 1851ರ ಮಾರ್ಚ್ 27ರಂದು. ಚಿಕ್ಕ ಹುಡುಗನಾಗಿದ್ದಾಗಲೇ ಊರಿನ ಬ್ಯಾಂಡಿನಲ್ಲಿ ಊದುತ್ತಿದ್ದರು. ಹದಿನಾರನೆಯ ವಯಸ್ಸಿಗೆ, 1867ರಲ್ಲಿ, ಮ್ಯಾಡ್ರಿಡ್‌ಗೆ ಬಂದು ಸಂಗೀತ ವಿದ್ಯಾಲಯಕ್ಕೆ ಸೇರಿದರು. ಗುರುಗಳು ಎಮಿಲಿಯೊ ಅರ್ರಿಯೆತಾ. 1872ರಲ್ಲಿ ರಚನೆಯ ಮೊದಲ ಬಹುಮಾನವನ್ನು ಹಂಚಿಕೊಂಡವರು ಇಬ್ಬರು: ಚಪೀ ಮತ್ತು ಸಹಪಾಠಿ ತೊಮಾಸ್ ಬ್ರೆತೋನ್. ಆ ಎರಡು ಹೆಸರುಗಳೂ ಮುಂದೆ ಮತ್ತೊಮ್ಮೆ ಎದುರುಬದುರಾಗುತ್ತವೆ. ಹೊಟ್ಟೆಪಾಡಿಗೆ ಫಿರಂಗಿ ಪಡೆಯ ಬ್ಯಾಂಡ್ ಮಾಸ್ತರರಾಗಿದ್ದ ಚಪೀ 1874ರಲ್ಲಿ ಒಂದಂಕದ ಒಪೇರಾ ಬರೆದು, ಅದರ ಬಲದಿಂದ ಸರ್ಕಾರಿ ವಿದ್ಯಾರ್ಥಿವೇತನ ಪಡೆದು ರೋಮ್‌ಗೆ ಹೋದರು.

ಅಂದರೆ, ತಾವು ‘ಹಗುರ’ ಎನ್ನುವ ಈ ವ್ಯಕ್ತಿ ಒಪೇರಾ ಬರೆಯಲು ಬಾರದೆ ಸರ್ಸುವೇಲಾ ಬರೆದವರಲ್ಲ. ಅವರನ್ನು ರೋಮ್‌ಗೆ ಕಳಿಸಿದ್ದೇ ಒಪೇರಾ. ಕೊನೆಗೆ ಬರೆದದ್ದೂ ಒಪೇರಾ. ‘ಮಾರ್ಗರೀತಾ ಲಾ ತೊರ್ನೇರಾ’ ಮ್ಯಾಡ್ರಿಡ್‌ನ ರಾಜ ರಂಗಮಂದಿರವಾದ ತೆಯಾತ್ರೊ ರೆಯಾಲ್‌ನಲ್ಲಿ ತೆರೆ ಕಂಡದ್ದು 1909ರ ಫೆಬ್ರವರಿ 24ರಂದು. ಒಂದು ತಿಂಗಳು ಕಳೆದು, ಮಾರ್ಚ್ 25ರಂದು ಚಪೀ ತೀರಿಕೊಂಡರು. ಇನ್ನೆರಡು ದಿನ ಇದ್ದಿದ್ದರೆ ಅವರಿಗೆ 58 ತುಂಬುತ್ತಿತ್ತು. ಸ್ಪೇನಿನ ಭಾಷೆಯಲ್ಲಿ ಸ್ಪೇನಿನದೇ ಒಪೇರಾ ಬೆಳೆಯಬೇಕೆಂಬುದು ಅವರ ಜೀವಮಾನದ ಹಂಬಲ. ಆ ಕಾಲದ ರಾಜ ರಂಗಮಂದಿರದಲ್ಲಿ ಇಟಲಿಯ ಭಾಷೆಯದೇ ದರ್ಬಾರು. ಈ ಎರಡು ತುದಿಗಳ ನಡುವಿನ ಮೂವತ್ತೈದು ವರ್ಷಗಳಲ್ಲಿ ಅವರು ನೂರಕ್ಕೂ ಹೆಚ್ಚು ಸರ್ಸುವೇಲಾಗಳನ್ನು ಬರೆದರು. ಎಲ್ಲವೂ ಉಳಿಯಬೇಕಾದವು ಎಂದು ನಾನು ವಾದಿಸುವುದಿಲ್ಲ. ಅವಸರದಲ್ಲಿ ಹುಟ್ಟಿ, ಮರೆವಿಗೆ ಸಂದದ್ದೇ ಸರಿ ಎನ್ನಿಸುವಂಥವೂ ಅದರಲ್ಲಿವೆ. ಆದರೆ ಉಳಿದ ಹತ್ತು ಹನ್ನೆರಡು ಕೃತಿಗಳು ಯಾವ ದೊಡ್ಡ ರಂಗದ ಮೇಲೂ ತಲೆಯೆತ್ತಿ ನಿಲ್ಲಬಲ್ಲವು.

ಸರ್ಸುವೇಲಾ ಎಂದರೇನು ಎಂದು ಕನ್ನಡದ ಓದುಗರಿಗೆ ಉದ್ದಕ್ಕೆ ಹೇಳಬೇಕಿಲ್ಲ. ಮಾತೂ ಹಾಡೂ ಹೆಣೆದುಕೊಂಡು ಸಾಗುವ ನಮ್ಮ ಕಂಪನಿ ನಾಟಕವನ್ನು ಕಂಡವರಿಗೆ ಇದರ ಜಾಡು ಕೂಡಲೇ ಸಿಗುತ್ತದೆ. ಹೆಸರು ಬಂದದ್ದು ಮ್ಯಾಡ್ರಿಡ್‌ನ ಹೊರವಲಯದ, ಮುಳ್ಳುಪೊದೆಗಳ ನಡುವಿನ ರಾಜರ ಬೇಟೆಮನೆಯಿಂದ. 17ನೇ ಶತಮಾನದಲ್ಲಿ ಅಲ್ಲಿ ಇಂಥ ಆಟಗಳು ನಡೆಯುತ್ತಿದ್ದವು. 19ನೇ ಶತಮಾನದಲ್ಲಿ ಅದು ರಾಜರ ಅಂಗಳದಿಂದ ಬೀದಿಗೆ ಬಂತು. 1856ರಲ್ಲಿ ರಚನಕಾರರೇ ಮುಂದೆ ನಿಂತು ಮ್ಯಾಡ್ರಿಡ್‌ನಲ್ಲಿ ಅದಕ್ಕೊಂದು ಮಂದಿರ ಕಟ್ಟಿಸಿದರು. ಶತಮಾನದ ಕೊನೆಯ ದಶಕಗಳಲ್ಲಿ ‘ಗಂಟೆಯ ರಂಗಭೂಮಿ’ ಹುಟ್ಟಿತು. ಒಂದು ಸಂಜೆಯನ್ನು ನಾಲ್ಕು ಆಟಗಳಾಗಿ ಒಡೆದು, ಒಂದೊಂದು ಗಂಟೆಯ ಆಟಕ್ಕೆ ಅಗ್ಗದ ಟಿಕೆಟ್ ಮಾರುತ್ತಿದ್ದರು. ಹೊಲಿಗೆಯ ಹೆಣ್ಣುಮಕ್ಕಳು, ಗುಮಾಸ್ತರು, ಅಚ್ಚುಮೊಳೆ ಜೋಡಿಸುವವರು ದುಡಿಮೆ ಮುಗಿಸಿ ಒಂದು ಆಟ ನೋಡಿ ಮನೆಗೆ ಹೋಗಬಹುದಿತ್ತು. ಆಲ್ಕಲಾ ಬೀದಿಯ ಅಪೋಲೋ ರಂಗಮಂದಿರದ ತಡರಾತ್ರಿಯ ನಾಲ್ಕನೆಯ ಆಟ ಊರಿಗೆಲ್ಲ ಹೆಸರುವಾಸಿ. ಆ ಮಂದಿರ 1929ರಲ್ಲಿ ಮುಚ್ಚಿತು. ಅದು ನಿಂತಿದ್ದ ಜಾಗದಲ್ಲಿ ಬ್ಯಾಂಕಿನ ಕಟ್ಟಡವೆದ್ದಿತು. ನಾನು ಅದರ ಮುಂದೆ ನೂರಾರು ಸಲ ಹಾದುಹೋಗಿದ್ದೇನೆ, ಪ್ರತಿ ಸಲವೂ ಸಂಕಟವಾಗುತ್ತದೆ.

1897ರ ನವೆಂಬರ್ 25ರಂದು ಆ ಅಪೋಲೋದಲ್ಲಿ ಚಪೀ ಅವರ ‘ಲಾ ರೆವೊಲ್ತೋಸಾ’ ಮೊದಲ ಬಾರಿ ತೆರೆ ಕಂಡಿತು. ಕತೆ ನಡೆಯುವುದು ಒಂದು ‘ಕೊರ್ರಾಲಾ’ದಲ್ಲಿ. ಇದಕ್ಕೆ ಕನ್ನಡದಲ್ಲಿ ಹೇಳಿ ಮಾಡಿಸಿದ ಪದವಿದೆ: ವಠಾರ. ನಡುವೆ ಅಂಗಳ, ಸುತ್ತ ಮಹಡಿ ಮಹಡಿಯಾಗಿ ಮರದ ಕಟಾಂಜನದ ಮೊಗಸಾಲೆ, ಒಂದೊಂದು ಬಾಗಿಲಿಗೆ ಒಂದೊಂದು ಸಂಸಾರ. ಲವಾಪಿಯೆಸ್ ಬಡಾವಣೆಯಲ್ಲಿ ಇಂಥ ವಠಾರಗಳು ಇಂದಿಗೂ ಇವೆ. ಅಲ್ಲಿ ಮಾರಿ-ಪೇಪಾ ಎಂಬ ಚೆಲುವೆ ಬಂದು ಸೇರುತ್ತಾಳೆ. ಮದುವೆಯಾದ ಗಂಡಸರೂ ಅವಳ ಹಿಂದೆ ಬೀಳುತ್ತಾರೆ. ಹೆಂಡಂದಿರು ಒಟ್ಟಾಗಿ ಗಂಡಂದಿರಿಗೆ ಬುದ್ಧಿ ಕಲಿಸುವ ಹೂಟ ಹೂಡುತ್ತಾರೆ. ಫೆಲೀಪೆ ಎಂಬ ಯುವಕ ಮಾತ್ರ ಅವಳನ್ನು ಲೆಕ್ಕಕ್ಕೇ ಇಡದವನಂತೆ ತಿರುಗುತ್ತಿರುತ್ತಾನೆ. ಅವಳೂ ಹಾಗೆಯೇ. ಆಮೇಲೆ ಆ ಯುಗಳಗೀತೆ ಬರುತ್ತದೆ.

ಅದನ್ನು ನಾನು ಮೊದಲು ಕೇಳಿದ್ದು ರಂಗಮಂದಿರದಲ್ಲಲ್ಲ. ಎದುರುಮನೆಯ ಅಜ್ಜಿ ಬಟ್ಟೆ ಒಣಹಾಕುವಾಗ ಗುನುಗುತ್ತಿದ್ದರು. ಗಂಡಿನ ಸಾಲನ್ನೂ ಅವರೇ, ಹೆಣ್ಣಿನ ಸಾಲನ್ನೂ ಅವರೇ. ಹಗ್ಗಕ್ಕೆ ಒಂದು ಚಿಮಟ ಸಿಕ್ಕಿಸಿ ಗಂಡಾಗುತ್ತಿದ್ದರು, ಇನ್ನೊಂದು ಸಿಕ್ಕಿಸಿ ಹೆಣ್ಣಾಗುತ್ತಿದ್ದರು. ಇದೇನೆಂದು ಕೇಳಿದಾಗ, ‘ಇದು ಗೊತ್ತಿಲ್ಲದೆ ಇಷ್ಟು ವರ್ಷ ಇಲ್ಲಿ ಹೇಗೆ ಬದುಕಿದೆ ಮಗಳೇ’ ಎಂದರು. ಆ ಬೇಸಿಗೆಯಲ್ಲಿ ಬಯಲಿನಲ್ಲಿ ನಡೆದ ಪ್ರದರ್ಶನವೊಂದಕ್ಕೆ ನನ್ನನ್ನು ಕರೆದುಕೊಂಡು ಹೋದರು. ಇಬ್ಬರೂ ಹಟ ಬಿಟ್ಟು ಒಬ್ಬರನ್ನೊಬ್ಬರು ನೋಡುವ ಆ ಗಳಿಗೆಯಲ್ಲಿ ಸುತ್ತಲಿನ ಕುರ್ಚಿಗಳಿಂದ ಸಣ್ಣ ದನಿಗಳು ಎದ್ದವು. ಯಾರೂ ಜೋರಾಗಿ ಹಾಡಲಿಲ್ಲ. ತುಟಿಯಲ್ಲೇ, ಪ್ರಾರ್ಥನೆಯ ಹಾಗೆ. ಅಜ್ಜಿ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು. ಆ ಹೊತ್ತಿಗೆ ವಾದ್ಯವೃಂದದಲ್ಲಿ ನಡೆಯುತ್ತಿದ್ದುದು ಹಗುರದ ಕೆಲಸವಲ್ಲ. ಬಾಯಿಂದ ಒಪ್ಪಿಕೊಳ್ಳುವ ಮೊದಲೇ ಮಾರಿ-ಪೇಪಾ, ಫೆಲೀಪೆ ಇಬ್ಬರ ಮನಸ್ಸೂ ಸೋತಿದೆ ಎಂಬುದನ್ನು ಅದು ಹೇಳಿ ಮುಗಿಸುತ್ತಿತ್ತು.

ಆ ಯುಗಳಗೀತೆಯಲ್ಲಿ ಫೆಲೀಪೆ ತನ್ನವಳನ್ನು ಗುಲಾಬಿಯ ಗೊಂಚಲಿನವಳು ಎಂದು ಕರೆಯುತ್ತಾನೆ. ಮೂವತ್ತೇಳು ವರ್ಷಗಳ ನಂತರ, 1934ರಲ್ಲಿ, ಪಾಬ್ಲೊ ಸೊರೊಸಾಬಲ್ ಎಂಬ ರಚನಕಾರ ತನ್ನ ಸರ್ಸುವೇಲಾಗೆ ಅದೇ ಸಾಲನ್ನು ಹೆಸರಾಗಿ ಇಟ್ಟರು. ಅದು ಎಲ್ಲಿಂದ ಬಂತೆಂದು ಮ್ಯಾಡ್ರಿಡ್‌ನ ಪ್ರೇಕ್ಷಕರಿಗೆ ವಿವರಿಸಬೇಕಾಗಿರಲಿಲ್ಲ. ಜನರ ನಾಲಗೆಯ ಮೇಲೆ ಹೀಗೆ ತಲೆಮಾರು ದಾಟಿದ್ದನ್ನು ‘ನಮ್ಮ ಪ್ರೇಕ್ಷಕರನ್ನು ಮುಟ್ಟಲಾರದು’ ಎಂದು, ಒಂದು ಸಲವೂ ಆಡಿಸಿ ನೋಡದೆ, ತಾವು ಹೇಗೆ ನಿರ್ಧರಿಸಿದಿರಿ?

ಈಗ ಇನ್ನೊಂದು ವಿಷಯ. ಇದನ್ನು ಮೊದಲ ಪತ್ರದಲ್ಲಿ ನಾನು ಬರೆದಿರಲಿಲ್ಲ, ಬರೆಯಬೇಕಿತ್ತು. ಚಪೀ ಅವರನ್ನು ಬಾಗಿಲ ಹೊರಗೆ ನಿಲ್ಲಿಸಿದವರಲ್ಲಿ ತಾವೇ ಮೊದಲಿಗರಲ್ಲ.

ಸಂಗೀತ ನಾಟಕವೊಂದನ್ನು ಆಡಬೇಕಾದರೆ ಪ್ರತಿ ವಾದ್ಯಕ್ಕೂ ಅದರದೇ ಸ್ವರಹಾಳೆ ಬೇಕು. ಪಿಟೀಲಿಗೆ ಒಂದು, ಕ್ಲಾರಿನೆಟ್‌ಗೆ ಒಂದು, ಕಹಳೆಗೆ ಒಂದು. ಆ ಕಾಲದಲ್ಲಿ ಇವನ್ನು ಕೈಯಲ್ಲಿ ನಕಲು ಮಾಡಿ ಕಟ್ಟುಗಳಾಗಿ ಇಟ್ಟಿರುತ್ತಿದ್ದರು. ಯಾವುದೋ ದೂರದ ಊರಿನ ನಾಟಕ ತಂಡಕ್ಕೆ ಆ ಕಟ್ಟು ಬಾಡಿಗೆಗೆ ಸಿಕ್ಕರೆ ನಾಟಕ ಉಂಟು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಹಾಳೆಗಳ ಭಂಡಾರ ಯಾರ ಕೈಯಲ್ಲಿದೆಯೋ ರಂಗಭೂಮಿಯ ಜುಟ್ಟು ಅವರ ಕೈಯಲ್ಲಿ. ಫ್ಲೊರೆನ್ಸಿಯೊ ಫಿಸ್ಕೊವಿಚ್ ಎಂಬ ಪ್ರಕಾಶಕರು ಇಂಥ ಭಂಡಾರವನ್ನು ಕಟ್ಟಿದ್ದರು. ರಚನಕಾರರಿಗೆ ಇಡಿಗಂಟಾಗಿ ಒಂದಿಷ್ಟು ಹಣ ಕೊಟ್ಟು ಕೃತಿಯ ಹಕ್ಕನ್ನೇ ಕೊಂಡುಬಿಡುತ್ತಿದ್ದರು. ಕಷ್ಟದಲ್ಲಿದ್ದವರು ಸಹಿ ಹಾಕುತ್ತಿದ್ದರು. ನಾಳೆ ಆ ಹಾಡು ದೇಶವೆಲ್ಲ ಮೊಳಗಿದರೂ ಬರೆದವನಿಗೆ ಬಿಡಿಗಾಸು ಇಲ್ಲ. ಸ್ಪೇನಿನಲ್ಲಿ 1879ರಷ್ಟು ಹಿಂದೆಯೇ ಒಳ್ಳೆಯ ಹಕ್ಕುಸ್ವಾಮ್ಯ ಕಾಯಿದೆ ಬಂದಿತ್ತು. ಲೇಖಕ ಸತ್ತ ಮೇಲೂ 80 ವರ್ಷ ಅದು ಅವನ ವಾರಸುದಾರರನ್ನು ಕಾಯುತ್ತಿತ್ತು. ಹಕ್ಕನ್ನೇ ಮಾರಿಕೊಂಡವನಿಗೆ ಕಾಯಿದೆ ಏನು ಮಾಡೀತು?

ಚಪೀ ಮಾರಲು ಒಪ್ಪಲಿಲ್ಲ. ತಮ್ಮ ಕೃತಿಗಳ ಸ್ವರಹಾಳೆಗಳನ್ನು ತಮ್ಮ ಕೈಯಲ್ಲೇ ಇಟ್ಟುಕೊಳ್ಳುತ್ತೇನೆ ಎಂದು ಪಟ್ಟು ಹಿಡಿದರು. ಅದಕ್ಕೆ ಬೆಲೆ ತೆತ್ತರು. ಅಪೋಲೋದ ಆಡಳಿತದೊಂದಿಗೂ ವಿರಸವಾಯಿತು. ಅದೇ ಹೊತ್ತಿಗೆ ಅವರಿಗೆಂದು ಬಂದಿದ್ದ ಒಂದು ನಾಟಕ ಕೈತಪ್ಪಿತು. ಅದನ್ನು ಬರೆದವರು ರಿಕಾರ್ದೊ ದೆ ಲಾ ವೇಗಾ. ಚಪೀ ಬಿಟ್ಟ ಮೇಲೆ ಅದು ಹೋದದ್ದು ಹಳೆಯ ಸಹಪಾಠಿ ಬ್ರೆತೋನ್ ಅವರ ಬಳಿಗೆ. ಅದು ‘ಲಾ ವೆರ್ಬೇನಾ ದೆ ಲಾ ಪಲೋಮಾ’. 1894ರ ಫೆಬ್ರವರಿ 17ರಂದು ಅಪೋಲೋದಲ್ಲಿ ತೆರೆ ಕಂಡ ಆ ಕೃತಿ ಇಡೀ ಪ್ರಕಾರದ ಮುಕುಟವೆಂದು ಇಂದಿಗೂ ಹೆಸರಾಗಿದೆ. ತನ್ನದಾಗಬಹುದಾಗಿದ್ದ ಗೆಲುವು ಕಣ್ಣೆದುರೇ ಇನ್ನೊಬ್ಬರ ಪಾಲಾದಾಗಲೂ ಚಪೀ ತಮ್ಮ ಹಟ ಸಡಿಲಿಸಲಿಲ್ಲ. ಬೇರೆ ಮಂದಿರದಲ್ಲಿ, ಅದೇ ವರ್ಷ, ‘ಎಲ್ ತಂಬೋರ್ ದೆ ಗ್ರನಾದೇರೊಸ್’ ಆಡಿಸಿದರು. ಅದರ ಪೂರ್ವಸಂಗೀತವನ್ನು ಸ್ಪೇನಿನ ಬ್ಯಾಂಡುಗಳು ಇಂದೂ ನುಡಿಸುತ್ತವೆ. 1899ರಲ್ಲಿ ನಾಟಕಕಾರ ಸಿನೇಸಿಯೊ ದೆಲ್ಗಾದೊ ಮತ್ತಿತರರೊಡನೆ ಸೇರಿ ಸ್ಪೇನಿನ ಲೇಖಕರ ಸಂಘವನ್ನು ಕಟ್ಟಿದರು. ಭಂಡಾರ ಲೇಖಕರದೇ ಆಯಿತು, ಬಾಡಿಗೆಯೂ ಅವರದಾಯಿತು. ಇಂದು ಆ ದೇಶದಲ್ಲಿ ಹಾಡು ಬರೆದವರಿಗೆ ಪ್ರತಿ ಪ್ರದರ್ಶನಕ್ಕೆ ಸಲ್ಲುವ ಗೌರವಧನದ ಹಿಂದೆ ಆ ಸಂಘದ ಪರಂಪರೆ ಇದೆ.

ಈ ಮನುಷ್ಯನನ್ನು ‘ಹಗುರ’ ಎಂದು ಕರೆಯುವಾಗ ಈ ಅಧ್ಯಾಯವೂ ತಮ್ಮ ನೆನಪಿನಲ್ಲಿರಲಿ.

‘ಪ್ರಾದೇಶಿಕ’ ಎಂಬ ಮಾತಿಗೆ ಬರುತ್ತೇನೆ. ಸ್ಪ್ಯಾನಿಷ್ ಇಪ್ಪತ್ತು ದೇಶಗಳ ಅಧಿಕೃತ ಭಾಷೆ. ಸರ್ಸುವೇಲಾ ಹವಾನಾ, ಮೆಕ್ಸಿಕೊ, ಬ್ಯುನಸ್ ಐರಿಸ್‌ಗಳಿಗೆ ಹೋಯಿತು. ಫಿಲಿಪೈನ್ಸ್‌ಗೆ ಹೋದದ್ದು ಅಲ್ಲಿ ಬೇರುಬಿಟ್ಟು ‘ಸರ್ಸುವೇಲಾ’ ಎಂದೇ ಅಲ್ಲಿನ ಜನರ ಸ್ವಂತ ರಂಗಪ್ರಕಾರವಾಯಿತು. 1902ರ ಹೊತ್ತಿಗೆ ಸೆವೆರೀನೊ ರೇಯೆಸ್ ಟಗಾಲೋಗ್ ಭಾಷೆಯಲ್ಲಿ, ಸ್ಪೇನಿನ ಆಳ್ವಿಕೆಯ ಕ್ರೌರ್ಯವನ್ನೇ ವಸ್ತುವಾಗಿಸಿ ಸರ್ಸುವೇಲಾ ಬರೆದಿದ್ದರು. ಆಳುವವರು ತಂದ ಕಲೆಯಲ್ಲೇ ಆಳುವವರನ್ನು ಪ್ರಶ್ನಿಸಿದ್ದು ಅದು. ಫೆದೆರೀಕೊ ಚುಯೇಕಾ ಅವರ ‘ಲಾ ಗ್ರಾನ್ ವಿಯಾ’ದಲ್ಲಿ ಪಾತ್ರಗಳೇ ಮ್ಯಾಡ್ರಿಡ್‌ನ ಬೀದಿಗಳು, ಇದಕ್ಕಿಂತ ಸ್ಥಳೀಯವಾದದ್ದು ಇರಲಾರದು. ಅದನ್ನು 1888ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಕೇಳಿದ ಜರ್ಮನ್ ತತ್ವಜ್ಞಾನಿ ನೀತ್ಸೆ ಗೆಳೆಯನಿಗೆ ಪತ್ರ ಬರೆದು ಕೊಂಡಾಡಿದರು. ಅವರಿಗೆ ಮ್ಯಾಡ್ರಿಡ್‌ನ ಒಂದು ಬೀದಿಯೂ ಗೊತ್ತಿರಲಿಲ್ಲ.

1874ರಲ್ಲಿ ಯೋಹಾನ್ ಸ್ಟ್ರೌಸ್ ಅವರ ‘ಡೀ ಫ್ಲೇಡರ್‌ಮೌಸ್’ ವಿಯೆನ್ನಾದಲ್ಲಿ ಮೊದಲ ಪ್ರದರ್ಶನ ಕಂಡಿತು. ಅದೂ ಹಗುರ ಪ್ರಕಾರವೇ, ಅಪ್ಪಟ ವಿಯೆನ್ನಾ ಊರಿನದೇ. ಅದನ್ನು ವರ್ಷಾಂತ್ಯದ ರಾತ್ರಿ ವಿಯೆನ್ನಾದ ದೊಡ್ಡ ಒಪೇರಾ ಮಂದಿರದಲ್ಲಿ ಹಬ್ಬದಂತೆ ಆಡುತ್ತಾರೆ. ತಮ್ಮ ಪುಸ್ತಿಕೆಯಲ್ಲೂ ಡಿಸೆಂಬರ್ ಪುಟದಲ್ಲಿ ಅದು ಇತ್ತು. ಅದೇ 1874ರಲ್ಲಿ ಸ್ಪೇನಿನ ರಚನಕಾರ ಬಾರ್ಬಿಯೇರಿ ಅವರ ಸರ್ಸುವೇಲಾ ‘ಎಲ್ ಬಾರ್ಬೆರಿಯೊ ದೆ ಲವಾಪಿಯೆಸ್’ ಮ್ಯಾಡ್ರಿಡ್‌ನಲ್ಲಿ ತೆರೆ ಕಂಡಿತು. ಜರ್ಮನ್ ಭಾಷೆಯ ಹಗುರಕ್ಕೆ ಇರುವ ಜಾಗ ಸ್ಪ್ಯಾನಿಷ್ ಭಾಷೆಯ ಹಗುರಕ್ಕೆ ಏಕಿಲ್ಲ ಎಂಬುದಕ್ಕೆ ಸಂಗೀತದ ಕಾರಣವೇನಾದರೂ ಇದ್ದರೆ ದಯವಿಟ್ಟು ತಿಳಿಸಿ. ನನಗೆ ಕಾಣುತ್ತಿರುವುದು ರೂಢಿ ಮಾತ್ರ.

ತೊಡಕುಗಳಿಲ್ಲವೆಂದು ನಾನು ಹೇಳುವುದಿಲ್ಲ. ‘ಲಾ ರೆವೊಲ್ತೋಸಾ’ದ ಸಂಭಾಷಣೆ ಮ್ಯಾಡ್ರಿಡ್‌ನ ಕೆಳಬಡಾವಣೆಗಳ ಆಡುಮಾತು, ಅದರ ಕೆಲವು ಚಟಾಕಿಗಳು ಇಂದಿನ ಮ್ಯಾಡ್ರಿಡ್‌ನವರಿಗೇ ಅರ್ಥವಾಗುವುದಿಲ್ಲ. ನನಗೆ ಅಜ್ಜಿ ಬಿಡಿಸಿ ಹೇಳಬೇಕಾಯಿತು. ಹಾಡುಗಳನ್ನು ಸ್ಪ್ಯಾನಿಷ್‌ನಲ್ಲೇ ಉಳಿಸಿ, ಮಾತಿನ ಭಾಗವನ್ನು ತಮ್ಮ ಊರಿನ ಭಾಷೆಯಲ್ಲಿ ಆಡಿಸಿದರೆ ಯಾರೂ ಆಕ್ಷೇಪಿಸುವುದಿಲ್ಲ. ಮಾತು ಬೆರೆತ ಜರ್ಮನ್ ಕೃತಿಗಳಿಗೆ ಅನೇಕ ಮಂದಿರಗಳು ಇದನ್ನೇ ಮಾಡುತ್ತವೆ. ಸ್ವರಲಿಪಿ ಸಿಗುವುದಿಲ್ಲ ಎನ್ನುವ ಕಾಲ ಹೋಯಿತು. 1989ರಲ್ಲಿ ಸ್ಥಾಪನೆಯಾದ ಮ್ಯಾಡ್ರಿಡ್‌ನ ಕೊಂಪ್ಲುತೆನ್ಸೆ ಸಂಗೀತ ವಿಜ್ಞಾನ ಸಂಸ್ಥೆ ಸರ್ಸುವೇಲಾಗಳ ಪರಿಷ್ಕೃತ ಆವೃತ್ತಿಗಳನ್ನು ಪ್ರಕಟಿಸುತ್ತ ಬಂದಿದೆ.

ಆದ್ದರಿಂದ ನನ್ನ ಕೋರಿಕೆಯನ್ನು ಮತ್ತೆ ಮುಂದಿಡುತ್ತೇನೆ. ಮೂರು ಅಂಕದ ದೊಡ್ಡ ಕೃತಿ ಬೇಕಾದರೆ 1887ರ ‘ಲಾ ಬ್ರೂಹಾ’ ಇದೆ. ಮಾಟಗಾತಿಯೆಂದು ಹಣೆಪಟ್ಟಿ ಹಚ್ಚಿಸಿಕೊಂಡ ಹೆಣ್ಣು, ಅವಳ ಬೆನ್ನುಬಿದ್ದ ಧರ್ಮನ್ಯಾಯಾಲಯ, ರಂಗವನ್ನೇ ಅಲುಗಿಸುವ ಹೋತಾ ಕುಣಿತದ ಹಾಡು. ದೊಡ್ಡ ಮೇಳ, ದೊಡ್ಡ ವಾದ್ಯವೃಂದ ಇರುವ ತಮ್ಮಂಥ ಮಂದಿರಕ್ಕೇ ಬರೆದಂತಿದೆ. ಅಷ್ಟು ಧೈರ್ಯ ಸಾಲದಿದ್ದರೆ ‘ಲಾ ರೆವೊಲ್ತೋಸಾ’ ಮತ್ತು ‘ಲಾ ವೆರ್ಬೇನಾ ದೆ ಲಾ ಪಲೋಮಾ’ ಎರಡನ್ನೂ ಒಂದೇ ಸಂಜೆಗೆ ಜೋಡಿಸಿ. ಒಂದೊಂದು ಗಂಟೆಯ ಆಟಗಳು. ಬಹುಮಾನ ಹಂಚಿಕೊಂಡ ಇಬ್ಬರು ಸಹಪಾಠಿಗಳನ್ನು ಒಂದೇ ರಂಗದ ಮೇಲೆ ಕೂಡಿಸಿದಂತೆಯೂ ಆಗುತ್ತದೆ. ತಮ್ಮಲ್ಲಿ ಕಿರಿಯ ಗಾಯಕರ ತರಬೇತಿ ಶಾಲೆ ಇದೆ. ವೈದ್ಯರ ಮೇಳಗೀತೆಯನ್ನು ಅವರ ಪಾಠಕ್ಕೆ ಸೇರಿಸಿ. ಬದುಕಿನ ಕೊನೆಯ ವರ್ಷಗಳಲ್ಲಿ, 1903ರಿಂದ 1907ರ ನಡುವೆ, ಚಪೀ ನಾಲ್ಕು ತಂತಿವಾದ್ಯ ಚತುಷ್ಕಗಳನ್ನು ಬರೆದರು. ತಮ್ಮ ಚಿಕ್ಕ ಸಭಾಂಗಣದ ಭಾನುವಾರದ ಕಛೇರಿಗಳಲ್ಲಿ ಅವುಗಳಲ್ಲಿ ಒಂದನ್ನಾದರೂ ನುಡಿಸಲು ವೇಷಭೂಷಣವೂ ಬೇಡ, ಅನುವಾದವೂ ಬೇಡ. ನಾಲ್ಕು ಜನ, ನಾಲ್ಕು ಕುರ್ಚಿ.

ಇವಾವುದೂ ಆಗದಿದ್ದರೆ ಕಡೆಯ ಪಕ್ಷ ಒಂದು ಮಾಡಿ. ಸ್ವರಲಿಪಿಯನ್ನು ತರಿಸಿ, ತಮ್ಮ ಪಿಯಾನೊ ವಾದಕರಿಂದ ‘ಲಾ ರೆವೊಲ್ತೋಸಾ’ದ ಪೂರ್ವಸಂಗೀತ ಮತ್ತು ಯುಗಳಗೀತೆಯನ್ನು ನುಡಿಸಿ ಸಮಿತಿಯವರೆಲ್ಲ ಕೂತು ಕೇಳಿ. ಆಮೇಲೆ ಬೇಡವೆನ್ನಿಸಿದರೆ ಬೇಡವೆಂದು ಬರೆಯಿರಿ, ಕಾರಣ ಸಹಿತ. ಕೇಳಿ ತಿರಸ್ಕರಿಸಿದರೆ ನಾನು ಒಪ್ಪಿಕೊಳ್ಳುತ್ತೇನೆ.

ಅಜ್ಜಿಗೆ ಈಗ 88. ಹೊರಗೆ ಓಡಾಡುವುದು ಕಡಿಮೆಯಾಗಿದೆ, ಬಟ್ಟೆ ಒಣಹಾಕಲು ಮೊಮ್ಮಗಳು ಬರುತ್ತಾಳೆ. ತಮಗೆ ಎರಡನೆಯ ಪತ್ರ ಬರೆಯುತ್ತಿದ್ದೇನೆ ಎಂದು ಹೇಳಿದಾಗ, ‘ಆ ಹುಡುಗ ಹದಿನಾರಕ್ಕೆ ಊರು ಬಿಟ್ಟವನು, ಅದನ್ನೂ ಬರೆ’ ಎಂದರು. ಬರೆದಿದ್ದೇನೆ.

ತಮ್ಮ ಉತ್ತರವನ್ನು ಎದುರು ನೋಡುತ್ತೇನೆ. ಈ ಸಲ ಮೂರು ಸಾಲಿಗಿಂತ ಹೆಚ್ಚಿರಲಿ ಎಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಮ್ಯಾಡ್ರಿಡ್‌ನ ಒಬ್ಬ ಕನ್ನಡತಿ